ಲಾಲ್‌ಬಾಗಿನ ಬಂಡೆಯಿಂದ ತಿಂಡಿ ಬೀದಿಯವರೆಗೆ

ಬೆಂಗಳೂರಿನ ಲಾಲ್‌ಬಾಗಿಗೆ ಎರಡು ಮುಖಗಳಿವೆ. ಆಗಸ್ಟ್ ಮತ್ತು ಜನವರಿ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಹೋಗುವವರು ನೋಡುವುದು ಒಂದು ಮುಖ. ಬೆಳಗಿನ ಆರು ಗಂಟೆಗೆ ಹೋದವರಿಗೆ ಕಾಣುವುದು ಇನ್ನೊಂದು. ಆ ಹೊತ್ತಿನಲ್ಲಿ ಹೂವನ್ನು ನೋಡುವವರು ಕಡಿಮೆ, ಕೈಗಡಿಯಾರ ನೋಡಿಕೊಳ್ಳುವವರೇ ಹೆಚ್ಚು. ಬಿರುಸಾಗಿ ನಡೆಯುವವರು, ಹಿಮ್ಮುಖವಾಗಿ ನಡೆಯುವವರು, ಗುಂಪು ಕಟ್ಟಿಕೊಂಡು ಗಟ್ಟಿಯಾಗಿ ನಗುವವರು, ಮರವನ್ನು ತಬ್ಬಿ ನಿಂತವರು ಹೀಗೆ ನಾನಾ ಬಗೆಯ ಆರೋಗ್ಯಾರ್ಥಿಗಳು. 1760ರಲ್ಲಿ ಹೈದರಾಲಿ ಈ ತೋಟಕ್ಕೆ ಅಡಿಪಾಯ ಹಾಕಿದಾಗ, ಮುಂದೊಂದು ದಿನ 240 ಎಕರೆಯ ಈ ಹಸಿರು ನೆಲ ಜನರ ತೂಕ ಇಳಿಸುವ ಕಾರ್ಖಾನೆಯೂ ಆದೀತೆಂದು ಖಂಡಿತ ಊಹಿಸಿರಲಾರ.

ನಮ್ಮದು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆ. ಒಂಬತ್ತು ಮತ್ತು ಹತ್ತನೇ ತರಗತಿಯ 22 ಮಕ್ಕಳನ್ನು ಕರೆದುಕೊಂಡು ವಿಜ್ಞಾನ ಪ್ರವಾಸಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ನೋಡುವುದು ಮುಖ್ಯ ಕಾರ್ಯಕ್ರಮ. ಉಳಿದ ಹೊತ್ತಿಗೆ ಇನ್ನೊಂದು ಪಾಠ ಇಟ್ಟುಕೊಂಡಿದ್ದೆ. ಬೆಂಗಳೂರು ಏನು ತಿನ್ನುತ್ತದೆ ಮತ್ತು ತಿಂದದ್ದನ್ನು ಕರಗಿಸಲು ಏನೇನು ಮಾಡುತ್ತದೆ ಎಂದು ಕಣ್ಣಾರೆ ನೋಡುವುದು. ಕೈಯಲ್ಲೊಂದು ಪುಸ್ತಕ, ಪೆನ್ಸಿಲ್. ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಳ್ಳಬೇಕು. ಕೇಳಿದ್ದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು ಎಂದು ಮೊದಲೇ ಹೇಳಿದ್ದೆ.

ದ್ವಾರದ ರಸಗಳು

ಮೊದಲ ಪ್ರಶ್ನಾರ್ಥಕ ಚಿಹ್ನೆ ಬಿದ್ದದ್ದು ತೋಟದ ದ್ವಾರದಲ್ಲೇ. ನಡಿಗೆ ಮುಗಿಸಿ ಹೊರಬರುವವರಿಗಾಗಿ ಅಲ್ಲಿ ಹಾಗಲಕಾಯಿ, ಬೂದುಗುಂಬಳ, ನೆಲ್ಲಿಕಾಯಿ, ಗೋಧಿ ಹುಲ್ಲಿನ ರಸಗಳನ್ನು ಮಾರುತ್ತಾರೆ. ಲೋಟ ಹಿಡಿದಿದ್ದ ಹಿರಿಯರೊಬ್ಬರು, "ಒಳಗಿನ ವಿಷವೆಲ್ಲ ತೊಳೆದು ಹೋಗುತ್ತೆ, ಬೊಜ್ಜು ಕರಗುತ್ತೆ" ಎಂದು ಮಕ್ಕಳಿಗೆ ಬಹಳ ಪ್ರೀತಿಯಿಂದ ತಿಳಿಸಿದರು.

ಮಕ್ಕಳೇ, ನಿಮ್ಮ ಪಠ್ಯಪುಸ್ತಕದ ವಿಸರ್ಜನಾಂಗ ವ್ಯೂಹದ ಪಾಠವನ್ನು ಒಮ್ಮೆ ನೆನಪಿಸಿಕೊಳ್ಳಿ. ನಮ್ಮ ಎರಡು ಮೂತ್ರಪಿಂಡಗಳು ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೆ ಒಪ್ಪಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಕಳಿಸುತ್ತವೆ. ಬೇಡದ ರಾಸಾಯನಿಕಗಳನ್ನು ನಿರುಪದ್ರವಿಯಾಗಿಸುವ ಕೆಲಸವನ್ನು ಯಕೃತ್ತು ಹಗಲಿರುಳು ಮಾಡುತ್ತಲೇ ಇರುತ್ತದೆ. ಈ ಇಬ್ಬರು ಕೆಲಸಗಾರರು ಆರೋಗ್ಯವಾಗಿದ್ದರೆ ಒಂದು ಲೋಟ ರಸ ಅವರಿಗೆ ಹೆಚ್ಚಿನ ಸಹಾಯವನ್ನೇನೂ ಮಾಡಲಾರದು. ಬೂದುಗುಂಬಳದ ರಸವಂತೂ ಬಹುಪಾಲು ನೀರು. ಕುಡಿದರೆ ತಪ್ಪಿಲ್ಲ, ಕೊಬ್ಬು ಕರಗಿತೆಂದು ತಿಳಿಯುವುದು ತಪ್ಪು.

ಆದರೆ ಕಹಿಯಾದದ್ದೆಲ್ಲ ಔಷಧಿ ಎಂಬ ನಂಬಿಕೆಯಲ್ಲಿ ಅಪಾಯವೂ ಇದೆ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿಯಾಗಿದ್ದ ಸೋರೆಕಾಯಿಯ ರಸ ಕುಡಿದು ಅಸುನೀಗಿದರು. ಸೋರೆ, ಸೌತೆ ಜಾತಿಯ ಕಾಯಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಹೆಚ್ಚಾಗಿ ಸೇರಿಕೊಳ್ಳುತ್ತದೆ. ಅದರ ಗುರುತೇ ಕಹಿ. ಸೋರೆಕಾಯಿಯ ಚೂರೊಂದನ್ನು ನಾಲಿಗೆಗೆ ಇಟ್ಟು ನೋಡಿ, ಕಹಿಯಿದ್ದರೆ ಉಗುಳಿ ಕಾಯಿಯನ್ನೇ ಎಸೆಯುವುದು ನಮ್ಮ ಅಜ್ಜಿಯರ ರೂಢಿ. ಆ ರೂಢಿಗೆ ವಿಜ್ಞಾನದ ಬೆಂಬಲವಿದೆ. ಇಂದಿನ ತಾಯಂದಿರೂ ಅದನ್ನು ಬಿಡಬಾರದು.

ಕರಗಿದ ಕೊಬ್ಬು ಎಲ್ಲಿಗೆ ಹೋಯಿತು?

ಲಾಲ್‌ಬಾಗಿನ ಬಂಡೆಯನ್ನು ನೋಡದವರುಂಟೇ? ಕೆಂಪೇಗೌಡರ ಗೋಪುರವಿರುವ ಈ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಅದಕ್ಕೊಂದು ಫಲಕವೂ ಇದೆ. ಅದರ ಮೇಲೆ ಮಕ್ಕಳನ್ನು ಕೂರಿಸಿ ಒಂದು ಪ್ರಶ್ನೆ ಕೇಳಿದೆ: "ಕೆಳಗೆ ಓಡಾಡುತ್ತಿರುವವರಲ್ಲಿ ಒಬ್ಬರು ಹತ್ತು ಕಿಲೋ ಕೊಬ್ಬು ಇಳಿಸಿದರು ಎನ್ನೋಣ. ಆ ಹತ್ತು ಕಿಲೋ ಎಲ್ಲಿಗೆ ಹೋಯಿತು?"

"ಬೆವರಾಗಿ ಹೋಯಿತು" ಎಂದರು ಕೆಲವರು. "ಶಕ್ತಿಯಾಗಿ ಮಾರ್ಪಟ್ಟಿತು" ಎಂದರು ಹಲವರು. ಒಬ್ಬ ಹುಡುಗ ಮಲವಿಸರ್ಜನೆಯ ಕಡೆಗೆ ಬೆರಳು ತೋರಿಸಿದ, ನಗು ಎದ್ದಿತು. 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್‌ಮನ್ ಮತ್ತು ಆ್ಯಂಡ್ರೂ ಬ್ರೌನ್ ಎಂಬಿಬ್ಬರು ಇದೇ ಪ್ರಶ್ನೆಯನ್ನು ವೈದ್ಯರು, ಆಹಾರ ತಜ್ಞರು, ವ್ಯಾಯಾಮ ಶಿಕ್ಷಕರು ಸೇರಿದಂತೆ 150 ಮಂದಿಗೆ ಕೇಳಿದಾಗಲೂ ಅರ್ಧಕ್ಕಿಂತ ಹೆಚ್ಚು ಜನ ಕೊಟ್ಟ ಉತ್ತರ, ಶಕ್ತಿಯಾಗಿ ಮಾರ್ಪಟ್ಟಿತು ಎಂದೇ.

ಆದರೆ ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯರಾಶಿ ನಾಶವಾಗುವುದಿಲ್ಲ ಎಂದು ಲಾವೋಸಿಯೆ ಹದಿನೆಂಟನೇ ಶತಮಾನದಲ್ಲೇ ತೋರಿಸಿದ್ದಾನೆ. ಕೊಬ್ಬಿನಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ. ಹತ್ತು ಕಿಲೋ ಕೊಬ್ಬು ದೇಹದಲ್ಲಿ ಉರಿಯಲು 29 ಕಿಲೋ ಆಮ್ಲಜನಕ ಬೇಕು. ಉರಿದ ಮೇಲೆ ಸಿಗುವುದು 28 ಕಿಲೋ ಇಂಗಾಲದ ಡೈಆಕ್ಸೈಡ್ ಮತ್ತು 11 ಕಿಲೋ ನೀರು. ಕೂಡಿ ನೋಡಿ, ಎರಡೂ ಕಡೆ 39. ಆ ಹತ್ತು ಕಿಲೋದಲ್ಲಿ 8.4 ಕಿಲೋದಷ್ಟು ಉಸಿರಿನ ಮೂಲಕವೇ ಹೊರಬೀಳುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ ಎಂಬುದು ಅವರ ಲೆಕ್ಕ. ಎಂದರೆ ಕೊಬ್ಬು ಹೊರಹೋಗುವ ಮುಖ್ಯ ಬಾಗಿಲು ನಮ್ಮ ಮೂಗು!

"ಹಾಗಾದರೆ ಜೋರಾಗಿ ಉಸಿರಾಡಿದರೆ ಸಣ್ಣ ಆಗ್ತೀವಾ ಸಾರ್?" ಎಂದು ತಕ್ಷಣ ಪ್ರಶ್ನೆ ಬಂತು. ಇಲ್ಲ. ಒಲೆಯಲ್ಲಿ ಸೌದೆ ಉರಿದರೆ ಹೊಗೆ ಬಂದೀತೇ ಹೊರತು ಚಿಮಣಿಯನ್ನು ಊದಿದರೆ ಸೌದೆ ಉರಿಯುವುದಿಲ್ಲ. ಸ್ನಾಯುಗಳು ಕೆಲಸ ಮಾಡಬೇಕು, ತಿನ್ನುವುದು ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು. ಓಡಿ ಬಂದು ತೂಕ ನೋಡಿದಾಗ ಕಡಿಮೆಯಾಗಿದ್ದ ಅರ್ಧ ಕಿಲೋ, ಎರಡು ಚೊಂಬು ನೀರು ಕುಡಿದೊಡನೆ ಮರಳಿ ಬರುವುದು ಇದರಿಂದಲೇ. ನಡೆಯುವವರು ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಒಂದಿಷ್ಟನ್ನು ಲಾಲ್‌ಬಾಗಿನ ಮರಗಳು ಎಲೆಯಲ್ಲಿ ಹಿಡಿದು ಸಕ್ಕರೆ ಮಾಡಿಕೊಳ್ಳುತ್ತವೆ ಎಂದಾಗ, ಅದುವರೆಗೆ ಆಕಳಿಸುತ್ತಿದ್ದ ಹುಡುಗರೂ ತಲೆಯೆತ್ತಿ ಮರಗಳತ್ತ ನೋಡಿದರು.

ಅಷ್ಟರಲ್ಲಿ ಒಬ್ಬ ಹುಡುಗಿ ಬಂಡೆಯ ಮೇಲೆ ಕಣ್ಣು ಕತ್ತಲಿಟ್ಟು ಕುಳಿತುಬಿಟ್ಟಳು. ಗಾಬರಿಯಾಯಿತು. ನೀರು ಕುಡಿಸಿ, ನೆರಳಿನಲ್ಲಿ ಮಲಗಿಸಿದೆವು. ಜೊತೆಗೆ ಬಂದಿದ್ದ ಶಿಕ್ಷಕಿ ಮೆಲ್ಲಗೆ ವಿಚಾರಿಸಿದಾಗ ವಿಷಯ ಹೊರಬಂತು. ಮೂರು ತಿಂಗಳಿಂದ ಆಕೆ ಬೆಳಗಿನ ತಿಂಡಿ ಬಿಟ್ಟಿದ್ದಾಳೆ. ಬಿಸಿನೀರಿಗೆ ನಿಂಬೆರಸ, ಜೇನು. ಮಧ್ಯಾಹ್ನ ಎರಡು ತುತ್ತು. ರಾತ್ರಿ ಒಂದು ಚಪಾತಿ. ಕಾರಣ, ಮದುವೆ ಮನೆಯೊಂದರಲ್ಲಿ ಹತ್ತಿರದ ಬಂಧುವೊಬ್ಬರು ಎಲ್ಲರೆದುರು ಆಡಿದ ಒಂದು ತಮಾಷೆಯ ಮಾತು. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಈ ಮಗುವಿನ ಹಿಮೋಗ್ಲೋಬಿನ್ 9 ಎಂದು ಬಂದಿತ್ತು. ಇರಬೇಕಾದದ್ದು ಕನಿಷ್ಠ 12. ಆಕೆ ದಪ್ಪ ಇರಲೇ ಇಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ತಟ್ಟೆಯ ಮುಂದಿನ ಗಣಿತ

ಮಕ್ಕಳನ್ನು ಹೊರಡಿಸಿಕೊಂಡು ಲಾಲ್‌ಬಾಗ್ ರಸ್ತೆಗೆ ಬಂದೆವು. 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಎಂ.ಟಿ.ಆರ್. ಇರುವುದು ಇಲ್ಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಕೊರತೆ ಬಂದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದರ ಫಲವೇ ರವೆ ಇಡ್ಲಿ ಎಂದು ಆ ಹೋಟೆಲಿನವರು ಹೇಳುತ್ತಾರೆ. ಮುಂಜಾನೆ ತೋಟದಲ್ಲಿ ಕಂಡ ಎಷ್ಟೋ ಮುಖಗಳು ಅಲ್ಲಿನ ಸಾಲಿನಲ್ಲೂ ಕಂಡು ಮಕ್ಕಳಿಗೆ ನಗೆ ತಡೆಯಲಾಗಲಿಲ್ಲ. ನಗಬೇಡಿ, ಲೆಕ್ಕ ಮಾಡಿ ಎಂದೆ.

ಅರವತ್ತು ಕಿಲೋ ತೂಕದ ವ್ಯಕ್ತಿ ಐದು ಕಿಲೋಮೀಟರ್ ನಡೆದರೆ ಸುಮಾರು 250 ಕಿಲೋ ಕ್ಯಾಲೊರಿ ಖರ್ಚು. ತುಪ್ಪದಲ್ಲಿ ಮಿಂದ ಒಂದು ಮಸಾಲೆ ದೋಸೆಯಲ್ಲಿ, ಅಡುಗೆಯವನ ಕೈ ಧಾರಾಳವಿದ್ದಂತೆ, 300ರಿಂದ 400. ಒಂದು ಕಿಲೋ ಕೊಬ್ಬಿನ ಶಕ್ತಿ ಸುಮಾರು 7,700 ಕಿಲೋ ಕ್ಯಾಲೊರಿ. ತಿನ್ನುವುದನ್ನು ಹೆಚ್ಚಿಸದೆ ತಿಂಗಳೆಲ್ಲ ಹೀಗೆ ನಡೆದರೆ ಇಳಿಯುವುದು ಕೊಂಚ ಕಡಿಮೆ ಒಂದು ಕಿಲೋ. "ವಾರದಲ್ಲಿ ಹತ್ತು ಕಿಲೋ" ಎಂಬ ಜಾಹೀರಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಹಾಗೆಂದು ನಡಿಗೆ ವ್ಯರ್ಥವಲ್ಲ. ಹೃದಯಕ್ಕೆ, ರಕ್ತದ ಸಕ್ಕರೆಗೆ, ನಿದ್ದೆಗೆ, ಮನಸ್ಸಿಗೆ ಅದರಿಂದಾಗುವ ಲಾಭ ತೂಕದ ಯಂತ್ರದಲ್ಲಿ ಕಾಣುವುದಿಲ್ಲ.

ಅಕ್ಕಿ ತಿಂದರೆ ದಪ್ಪ, ಚಪಾತಿ ತಿಂದರೆ ತೆಳ್ಳಗೆ, ರಾಗಿ ತಿಂದರೆ ಕೊಬ್ಬೇ ಇಲ್ಲ ಎಂಬುದು ನಮ್ಮಲ್ಲಿ ಮನೆಮನೆಯ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕಿಲೋ ಕ್ಯಾಲೊರಿ. ಗೋಧಿ ಹಿಟ್ಟಿನಲ್ಲಿ ಸುಮಾರು 320. ರಾಗಿಯಲ್ಲೂ ಸುಮಾರು 320. ವ್ಯತ್ಯಾಸ ಹತ್ತರಲ್ಲಿ ಒಂದು ಪಾಲಿನಷ್ಟೇ. ನಾಲ್ಕು ಚಪಾತಿಗೆ ನಾಲ್ಕು ಚಮಚ ಎಣ್ಣೆ ಸವರಿದರೆ ಅದೂ ಉಳಿಯುವುದಿಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ಬೇರೆಡೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ನಾರಿನಂಶವೂ ರಾಗಿಯಲ್ಲಿ ಬಹಳ ಹೆಚ್ಚು. ಮೂಳೆ ಬೆಳೆಯುವ ವಯಸ್ಸಿನವರು ಮುದ್ದೆ ಉಣ್ಣಬೇಕಾದದ್ದು ಈ ಕಾರಣಕ್ಕೆ.

ಇನ್ನು ಜೇನು ಮತ್ತು ನಿಂಬೆ. ಜೇನು ಬಹುಪಾಲು ಸಕ್ಕರೆಯೇ. ಬಿಸಿನೀರಿಗೆ ಬಿದ್ದ ಮಾತ್ರಕ್ಕೆ ಅದು ಕೊಬ್ಬನ್ನು ಕರಗಿಸುವ ಗುಣ ಪಡೆಯುವುದಿಲ್ಲ. ನಿಂಬೆ ಮಾತ್ರ ನಿಜಕ್ಕೂ ಉಪಕಾರಿ, ಆದರೆ ಖಾಲಿ ಹೊಟ್ಟೆಯ ಬಿಸಿನೀರಿನಲ್ಲಿ ಅಲ್ಲ. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ನಿಂಬೆಯ 'ಸಿ' ಜೀವಸತ್ವ ಅದಕ್ಕೆ ನೆರವಾಗುತ್ತದೆ. ಕೋಸಂಬರಿಗೆ, ಉಸಲಿಗೆ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ. ಊಟದ ಜೊತೆಜೊತೆಗೇ ಕಾಫಿ, ಟೀ ಕುಡಿದರೆ ಅದೇ ಕಬ್ಬಿಣಕ್ಕೆ ಅಡ್ಡಿ. ನಮ್ಮ ಹುಡುಗಿ ಇದನ್ನು ಬರೆದುಕೊಂಡಳು. ಎರಡು ರವೆ ಇಡ್ಲಿಯನ್ನೂ ತಿಂದಳು.

ಬ್ರಿಗೇಡ್ ರಸ್ತೆಯ ಹಳೆಯ ಜಗಳ

ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯ ಮುಗಿಸಿ ಮಧ್ಯಾಹ್ನ ಬ್ರಿಗೇಡ್ ರಸ್ತೆಯಲ್ಲಿ ಹಾದುಹೋದೆವು. ಇಂದಿನ ಮಕ್ಕಳಿಗೆ ಗೊತ್ತಿರಲಾರದು. 1995ರ ಜೂನ್‌ನಲ್ಲಿ ಕೆಂಟಕಿ ಫ್ರೈಡ್ ಚಿಕನ್ ಕಂಪನಿ ಭಾರತದಲ್ಲಿ ತನ್ನ ಮೊದಲ ಮಳಿಗೆಯನ್ನು ತೆರೆದದ್ದು ಇದೇ ರಸ್ತೆಯಲ್ಲಿ. ನಾನಾಗ ಓದು ಮುಗಿಸುವ ಹಂತದಲ್ಲಿದ್ದೆ. ಪತ್ರಿಕೆಗಳ ತುಂಬ ಅದೇ ಸುದ್ದಿ. ಅಜಿನೊಮೊಟೊ ಎಂದು ಜನ ಕರೆಯುವ ಮೋನೊ ಸೋಡಿಯಂ ಗ್ಲುಟಮೇಟ್ ಮಿತಿಗಿಂತ ಹೆಚ್ಚಿದೆಯೆಂದು ನಗರಪಾಲಿಕೆ ಪರವಾನಗಿ ರದ್ದು ಮಾಡಿತು; ವಿಷಯ ನ್ಯಾಯಾಲಯಕ್ಕೆ ಹೋಯಿತು; ಮಳಿಗೆ ಮತ್ತೆ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘದ ಕಾರ್ಯಕರ್ತರು 1996ರ ಜನವರಿಯಲ್ಲಿ ಅದರ ಮೇಲೆ ದಾಳಿ ಮಾಡಿದರು. ಅವರ ವಿರೋಧ ಬರಿಯ ಪುಡಿಯ ಬಗ್ಗೆ ಇರಲಿಲ್ಲ. ಧಾನ್ಯ ಮತ್ತು ನೆಲ ಯಾರಿಗೆ ಸಲ್ಲಬೇಕೆಂಬ ದೊಡ್ಡ ಪ್ರಶ್ನೆ ಅದರಲ್ಲಿತ್ತು.

ಆ ಪುಡಿಯ ಕತೆ ಮಾತ್ರ ಮಕ್ಕಳು ತಿಳಿಯತಕ್ಕದ್ದು. 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಎಂಬ ರಸಾಯನ ವಿಜ್ಞಾನಿ ಸಮುದ್ರಪಾಚಿಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದ. ನಮ್ಮ ಟೊಮ್ಯಾಟೊ ಹಣ್ಣಿನಲ್ಲೂ ಸಹಜವಾಗಿ ಅದು ಇದೆ. 1968ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಒಂದು ಪತ್ರದಿಂದ ಅದರ ಬಗ್ಗೆ ಭಯ ಹಬ್ಬಿತು. ಆಮೇಲಿನ ಪರೀಕ್ಷೆಗಳಲ್ಲಿ, ಊಟದಲ್ಲಿ ಬಳಸುವಷ್ಟು ಪ್ರಮಾಣದಿಂದ ಬಹುತೇಕ ಜನರಿಗೆ ತೊಂದರೆಯಾಗುತ್ತದೆಂಬುದಕ್ಕೆ ದೃಢವಾದ ಆಧಾರ ಸಿಗಲಿಲ್ಲ. ವಿಚಿತ್ರವೆಂದರೆ, ಎಲ್ಲರೂ ಆ ಚಿಟಿಕೆ ಪುಡಿಯನ್ನೇ ನೋಡುತ್ತ ಕುಳಿತಾಗ ತಟ್ಟೆಯಲ್ಲಿದ್ದ ಎಣ್ಣೆ, ಉಪ್ಪು, ಪಕ್ಕದ ಲೋಟದ ಸಕ್ಕರೆಯನ್ನು ಯಾರೂ ಪ್ರಶ್ನಿಸಲಿಲ್ಲ. ಮುನ್ನೂರು ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ಸುಮಾರು 30 ಗ್ರಾಂ, ಎಂದರೆ ಆರು ಚಿಕ್ಕ ಚಮಚ ಸಕ್ಕರೆ ಇರುತ್ತದೆ. ಕಾಫಿಗೆ ಆರು ಚಮಚ ಹಾಕಿಕೊಟ್ಟರೆ ನಾವು ಕುಡಿಯುತ್ತೇವೆಯೇ?

'ಫಾಸ್ಟ್ ಫುಡ್' ಎಂದರೆ ಕೇವಲ ವಿದೇಶದ್ದು ಎಂಬುದೂ ಒಂದು ನಂಬಿಕೆಯೇ. ನಿಂತು ತಿಂದು ಹೋಗುವ ದರ್ಶಿನಿಗಳು ಬೆಂಗಳೂರಿನ ಜಯನಗರದಲ್ಲಿ 1983ರಲ್ಲೇ ಆರಂಭವಾದವು. ಅಲ್ಲಿ ನಿಮಿಷದಲ್ಲಿ ಕೈಗೆ ಬರುವ ಇಡ್ಲಿ ಸಾಂಬಾರೂ ಫಾಸ್ಟ್ ಫುಡ್ಡೇ. ಹಬೆಯಲ್ಲಿ ಬೆಂದ ಆ ಒಂದು ಇಡ್ಲಿಯಲ್ಲಿ ಇರುವುದು ಸುಮಾರು 50 ಕಿಲೋ ಕ್ಯಾಲೊರಿ. ಕೆಡುಕು ಇರುವುದು ಬೇಗ ಕೊಡುವುದರಲ್ಲಲ್ಲ, ಏನನ್ನು ಕೊಡುತ್ತಾರೆ ಎಂಬುದರಲ್ಲಿ.

ತಿಂಡಿ ಬೀದಿಯ ಪ್ರಯೋಗಶಾಲೆ

ಸಂಜೆ ವಿಶ್ವೇಶ್ವರಪುರಂ. ಸಜ್ಜನರಾವ್ ವೃತ್ತದ ಬಳಿಯ ಆ ಚಿಕ್ಕ ಬೀದಿಗೆ ದೀಪ ಹತ್ತಿದ ಮೇಲೆ ಜೀವ ಬರುತ್ತದೆ. ಕಾವಲಿಯ ಮೇಲೆ ಹೋಳಿಗೆ, ಅಕ್ಕಿ ರೊಟ್ಟಿ, ಪಡ್ಡು, ಬಜ್ಜಿ, ಬೆಣ್ಣೆ ದೋಸೆ, ಗುಲ್ಕನ್, ಸುರುಳಿ ಆಲೂಗಡ್ಡೆ ಇವೆಲ್ಲವುಗಳ ಘಮಲು ಒಂದರೊಳಗೊಂದು ಬೆರೆತು ಬರುವಾಗ ವಿಜ್ಞಾನ ಶಿಕ್ಷಕನ ಬಾಯಲ್ಲೂ ನೀರೂರದಿರದು. ಒಬ್ಬೊಬ್ಬರಿಗೆ 60 ರೂಪಾಯಿ ಕೊಟ್ಟು, ಇಷ್ಟ ಬಂದದ್ದನ್ನು ತಿನ್ನಿ, ಆದರೆ ತಿನ್ನುವ ಮೊದಲು ಐದು ನಿಮಿಷ ನಿಂತು ನೋಡಿ ಬರೆಯಿರಿ ಎಂದೆ. ಬೇಯಿಸಿದ್ದೋ ಕರಿದದ್ದೋ? ಎಣ್ಣೆಯ ಬಣ್ಣ ಏನು? ತಟ್ಟೆಯಲ್ಲಿ ಕಾಳು, ತರಕಾರಿ ಎಷ್ಟು?

ಬಜ್ಜಿಯನ್ನು ಕಾಗದದ ಮೇಲಿಟ್ಟು ತೆಗೆದು, ಉಳಿದ ಕಲೆಯನ್ನು ದೀಪಕ್ಕೆ ಹಿಡಿದು ನೋಡಿದರು. ನಮ್ಮ ಪ್ರಯೋಗಶಾಲೆಯಲ್ಲಿ ಮಾಡುವ ಕೊಬ್ಬಿನ ಪರೀಕ್ಷೆ ಅದೇ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ 4 ಕಿಲೋ ಕ್ಯಾಲೊರಿ, ಕೊಬ್ಬಿನಲ್ಲಿ 9. ಹೀಗಾಗಿ ಆಲೂಗಡ್ಡೆ ಬೇಯಿಸಿದಾಗ ಒಂದು, ಕರಿದಾಗ ಇನ್ನೊಂದು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದಾಗ ಅದು ಒಡೆದು ಹಾನಿಕರ ವಸ್ತುಗಳು ಹುಟ್ಟುತ್ತವೆ. ಇಂಥ ವಸ್ತುಗಳು ಶೇಕಡ 25 ಮೀರಿದ ಎಣ್ಣೆಯನ್ನು ಬಳಸಬಾರದೆಂದು 2018ರಿಂದ ನಿಯಮವೇ ಇದೆ. ಕಡು ಕಂದುಬಣ್ಣ, ನೊರೆ, ಘಾಟು ಹೊಗೆ ಇವು ಕಣ್ಣಿಗೂ ಮೂಗಿಗೂ ಸಿಗುವ ಎಚ್ಚರಿಕೆ. ಗೋಬಿ ಮಂಚೂರಿಯ ಕಣ್ಣು ಕುಕ್ಕುವ ಕೆಂಪಿಗೂ ಒಂದು ಕತೆಯಿದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದರಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಹೂಕೋಸು ಸ್ವಭಾವತಃ ಕೆಂಪಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

'ಕೊಲೆಸ್ಟರಾಲ್ ಇಲ್ಲ' ಎಂದು ದೊಡ್ಡಕ್ಷರದಲ್ಲಿ ಬರೆದ ಎಣ್ಣೆ ಡಬ್ಬವೊಂದನ್ನು ಹುಡುಗನೊಬ್ಬ ಗುರುತು ಮಾಡಿಕೊಂಡು ಬಂದ. ಅದು ಸುಳ್ಳಲ್ಲ, ಆದರೆ ಯಾವ ಸಸ್ಯದ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ನಮ್ಮ ಹಸು ಮೊಟ್ಟೆ ಇಡುವುದಿಲ್ಲ ಎಂದು ಫಲಕ ಹಾಕಿದಂತೆ!

ನಮ್ಮ ಹುಡುಗಿ ಹೋಳಿಗೆಯ ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. "ತಿನ್ನಬಹುದಾ ಸಾರ್?" ಎಂದಳು. ಬೇಳೆ, ಬೆಲ್ಲ, ಹಿಟ್ಟು, ತುಪ್ಪ ಎಂದು ಆಕೆಯೇ ಬರೆದುಕೊಂಡಿದ್ದಳು. ಹದಿನಾಲ್ಕು ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2,400 ಕಿಲೋ ಕ್ಯಾಲೊರಿ ಬೇಕು, ನೀನು ಮೂರು ತಿಂಗಳಿಂದ ಅದರ ಅರ್ಧವನ್ನೂ ತಿಂದಿಲ್ಲ, ಧಾರಾಳವಾಗಿ ತಿನ್ನು ಎಂದೆ. ಗೆಳತಿಯೊಡನೆ ಹಂಚಿಕೊಂಡು ತಿಂದಳು. ಮೂರು ತಿಂಗಳ ಅಂಜಿಕೆ ಒಂದು ಹೋಳಿಗೆಯಿಂದ ಹೋಗುವಂಥದ್ದಲ್ಲ. ಊರಿಗೆ ಮರಳಿದ ಮೇಲೆ ಆಕೆಯ ತಾಯಿತಂದೆಯರನ್ನು ಕರೆಸಿ ಮಾತನಾಡಿ, ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಕಬ್ಬಿಣದ ಮಾತ್ರೆ ಆರಂಭವಾಗಿದೆ.

ಪೋಷಕರಲ್ಲಿ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ವಯಸ್ಕ ಮಹಿಳೆಯರಲ್ಲಿ ಶೇಕಡ 24ರಷ್ಟು, ಪುರುಷರಲ್ಲಿ ಶೇಕಡ 23ರಷ್ಟು ಜನ ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59ರಷ್ಟು ಮಂದಿಗೆ ರಕ್ತಹೀನತೆ. ಎರಡೂ ಒಂದೇ ಮನೆಯಲ್ಲಿ, ಒಂದೇ ಅಡುಗೆ ಉಂಡು ಇರಬಹುದು. ಆದ್ದರಿಂದ ತಂದೆಗೆ ವೈದ್ಯರು ಹೇಳಿದ ಪಥ್ಯವನ್ನು ಮಗಳಿಗೆ ಅನ್ವಯಿಸಬೇಡಿ. ಎತ್ತರ-ತೂಕದ ಅನುಪಾತ ನೋಡಿ ದಪ್ಪ, ಸಣ್ಣ ಎಂದು ಹೇಳುವ ವಯಸ್ಕರ ಅಳತೆ ಮಕ್ಕಳಿಗೆ ಸಲ್ಲದು. ಅವರ ವಯಸ್ಸಿಗೂ ಲಿಂಗಕ್ಕೂ ತಕ್ಕ ಬೇರೆ ನಕ್ಷೆಗಳಿವೆ. ಒಂದು ಹೊತ್ತು ಉಂಡವ ಯೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆ ಬೆಳೆಯುವ ಮೈಗೆ ಹೇಳಿದ್ದಲ್ಲ.

ಮಗುವಿನ ತೂಕ ನಿಜಕ್ಕೂ ಹೆಚ್ಚಿದ್ದರೆ ವೈದ್ಯರನ್ನು ಕಾಣಿ, ಮನೆಯವರೆಲ್ಲರ ಎಣ್ಣೆ ಸಕ್ಕರೆಯನ್ನು ಒಟ್ಟಿಗೆ ಇಳಿಸಿ, ಸಂಜೆ ಅರ್ಧ ಗಂಟೆ ಆಡಲು ಬಿಡಿ. ಟ್ಯೂಷನ್ನಿಗೆ ಅರ್ಧ ಗಂಟೆ ತಡವಾದರೆ ಪ್ರಪಂಚ ಮುಳುಗದು. ಮದುವೆ ಮನೆಯಲ್ಲಿ ಯಾರಾದರೂ ನಿಮ್ಮ ಮಗುವಿನ ಮೈಕಟ್ಟಿನ ಬಗ್ಗೆ ತಮಾಷೆ ಮಾಡಿದರೆ, ದಯವಿಟ್ಟು ಅವರ ಜೊತೆ ಸೇರಿ ನಗಬೇಡಿ. ಮಗು ಅದನ್ನು ಕೇಳಿಸಿಕೊಂಡಿರುತ್ತದೆ; ಮಾರನೆಯ ಬೆಳಿಗ್ಗೆ ತಿಂಡಿಯ ತಟ್ಟೆ ಖಾಲಿಯಾಯಿತೇ ಎಂದು ನೋಡಿ.